ಟೈರು ಒಂದೇ ಮಗ್ಗುಲಲ್ಲಿ ಸವೆಯುವುದೇಕೆ?

ಮೋಟಾರು ಬಂಡಿಯನ್ನು ಇಟ್ಟುಕೊಂಡವರಿಗೆ ಕೆಲವು ವರ್ಷಗಳಿಗೊಮ್ಮೆ ತಪ್ಪದೆ ಬರತಕ್ಕ ದೊಡ್ಡ ವೆಚ್ಚಗಳಲ್ಲಿ ಟೈರಿನ ವೆಚ್ಚವೂ ಒಂದು. ರಬ್ಬರು ರಸ್ತೆಗೆ ಉಜ್ಜಿದರೆ ಸವೆದೇ ಸವೆಯುತ್ತದೆ. ಅದನ್ನು ಯಾರೂ ತಡೆಯಲಾರರು. ಆದರೆ ಟೈರಿನ ಮೈಯೆಲ್ಲ ಸಮನಾಗಿ ಸವೆದು ಮುಗಿಯುವುದು ಬೇರೆ. ಒಂದು ಮಗ್ಗುಲು ನುಣ್ಣಗಾಗಿ ಒಳಗಿನ ಎಳೆ ಹೊರಗೆ ಕಾಣಿಸುತ್ತಿರುವಾಗ ಮತ್ತೊಂದು ಮಗ್ಗುಲಿನ ತೋಡುಗಳು ಹೊಸದರಂತೆ ಆಳವಾಗಿ ಉಳಿದಿರುವುದು ಬೇರೆ. ಮೊದಲನೆಯದು ಆಯುಸ್ಸು ತೀರಿದ ಸಾವು, ಎರಡನೆಯದು ಅಕಾಲ ಮರಣ. ಈ ಅಕಾಲ ಮರಣಕ್ಕೆ ಕಾರಣವು ಬಹುಮಟ್ಟಿಗೆ ಟೈರಿನಲ್ಲಿರುವುದಿಲ್ಲ. ಅದನ್ನು ಹೊತ್ತಿರುವ ಚಕ್ರದ ನಿಲುವಿನಲ್ಲಿ, ಆ ಚಕ್ರವನ್ನು ಬಂಡಿಯ ಮೈಗೆ ಜೋಡಿಸಿರುವ ಸ್ಪ್ರಿಂಗು, ತೋಳು, ಕೀಲುಗಳಲ್ಲಿ ಇರುತ್ತದೆ. ಹೀಗಿದ್ದರೂ ನಾವು ಮಾಡುವುದೇನು? ಹಳೆಯ ಟೈರನ್ನು ಕಿತ್ತು ಹೊಸದನ್ನು ಹಾಕಿಸುತ್ತೇವೆ. ಕಾರಣವು ಹಾಗೆಯೇ ಉಳಿದು, ಹೊಸ ಟೈರನ್ನೂ ಅದೇ ದಾರಿಗೆ ಕಳುಹಿಸುತ್ತದೆ.

ಇದು ಬರಿಯ ಹಣದ ಮಾತಾಗಿದ್ದರೆ ಇಷ್ಟು ವಿಸ್ತಾರವಾಗಿ ಹೇಳಬೇಕಾದ ಅಗತ್ಯವಿರುತ್ತಿರಲಿಲ್ಲ. ಸಣ್ಣ ಕಾರೊಂದರ ತೂಕ 900 ಕಿಲೋಗ್ರಾಮು ಎಂದಿಟ್ಟುಕೊಳ್ಳೋಣ. ಒಂದೊಂದು ಚಕ್ರದ ಪಾಲಿಗೆ ಸ್ಥೂಲವಾಗಿ 225 ಕಿಲೋಗ್ರಾಮು ಬರುತ್ತದೆ. ಟೈರಿನೊಳಗಿನ ಗಾಳಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಮಿನಂತೆ ಒತ್ತುತ್ತಿದ್ದರೆ, ಆ ಭಾರವನ್ನು ಹೊರಲು 110 ಚದರ ಸೆಂಟಿಮೀಟರಿನಷ್ಟು ರಬ್ಬರು ನೆಲವನ್ನು ಮುಟ್ಟಿದರೆ ಸಾಕು. ಎಂದರೆ ಒಂದು ಅಂಗೈಗಿಂತ ತುಸು ಹೆಚ್ಚು. ಇಂತಹ ನಾಲ್ಕು ಅಂಗೈಗಳ ಮೇಲೆ ಇಡೀ ಸಂಸಾರವು ಆಗುಂಬೆಯ ಘಾಟಿಯನ್ನು ಇಳಿಯುತ್ತದೆ! ಮಳೆಗಾಲದಲ್ಲಿ ರಸ್ತೆಯ ಮೇಲೆ ನಿಂತ ನೀರನ್ನು ಆ ಅಂಗೈಯಡಿಯಿಂದ ಹೊರಕ್ಕೆ ಹಾಯಿಸತಕ್ಕವು ಟೈರಿನ ತೋಡುಗಳೇ. ತೋಡು ಅಳಿದ ಕಡೆ ನೀರಿಗೆ ಹೊರದಾರಿಯಿಲ್ಲ. ರಬ್ಬರು ನೀರಿನ ಮೇಲೆ ತೇಲಿ ನೆಲದ ಹಿಡಿತವನ್ನು ಬಿಟ್ಟುಬಿಡುತ್ತದೆ. ಕಾರಿನ ಟೈರಿನಲ್ಲಿ ತೋಡಿನ ಆಳ 1.6 ಮಿಲಿಮೀಟರಿಗಿಂತ ಕಡಮೆಯಾಗಕೂಡದೆಂದು ನಮ್ಮ ದೇಶದ ಮೋಟಾರು ನಿಯಮಗಳಲ್ಲಿರುವುದು ಈ ಕಾರಣದಿಂದಲೇ. ತೋಡುಗಳ ತಳದಲ್ಲಿ ಅಡ್ಡಲಾಗಿ ಎರಕ ಹೊಯ್ದ ಸಣ್ಣ ದಿಬ್ಬಗಳುಂಟು. ಟೈರಿನ ಮೈ ಸವೆದು ಆ ದಿಬ್ಬಕ್ಕೆ ಸಮನಾಯಿತೆಂದರೆ ಅದರ ಕಾಲ ಮುಗಿಯಿತು.

ಇದರಲ್ಲಿ ಒಂದು ಮೋಸವಿದೆ. ನಿಂತ ಕಾರಿನ ಬಳಿಗೆ ಹೋಗಿ ನೋಡಿದರೆ ಕಣ್ಣಿಗೆ ಬೀಳುವುದು ಟೈರಿನ ಹೊರಮಗ್ಗುಲು. ಸವೆತವು ಅನೇಕ ವೇಳೆ ಒಳಮಗ್ಗುಲಿನಲ್ಲಿ ನಡೆದಿರುತ್ತದೆ. ಹೊರಗಿನಿಂದ ನೋಡಿದವರು ‘ಇನ್ನೂ ಒಂದು ವರ್ಷ ಬರುತ್ತದೆ’ ಎಂದುಕೊಂಡು ಹೊರಡುತ್ತಾರೆ. ಒಳಗೆ ಉಕ್ಕಿನ ತಂತಿ ಆಗಲೇ ಹೊರಬಿದ್ದಿರುತ್ತದೆ. ಆದುದರಿಂದ ತಿಂಗಳಿಗೊಮ್ಮೆಯಾದರೂ ಸ್ಟೀರಿಂಗನ್ನು ಪೂರ್ತಿಯಾಗಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿ, ಮುಂದಿನ ಟೈರುಗಳ ಒಳ ಅಂಚನ್ನು ಕೈಯಿಂದ ಮುಟ್ಟಿ ನೋಡತಕ್ಕದ್ದು. ಹಿಂದಿನ ಚಕ್ರಗಳಿಗೆ ಬಗ್ಗಿಯೇ ನೋಡಬೇಕು, ಬೇರೆ ಉಪಾಯವಿಲ್ಲ.

ನಮ್ಮ ಎತ್ತಿನ ಬಂಡಿಯ ಗಾಲಿಗೆ ಈ ಕಷ್ಟವಿರಲಿಲ್ಲ. ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿ ನೀರೆರೆದನೆಂದರೆ ಅದು ಬಿಗಿದು ಕುಳಿತುಬಿಡುತ್ತಿತ್ತು. ಅಚ್ಚು ಸವೆದು ಗಾಲಿ ಓಲಾಡಿದರೂ ಕಬ್ಬಿಣವು ಅಷ್ಟಾಗಿ ಸವೆಯದೆ ದಾರಿಯನ್ನೇ ಕೊರೆಯುತ್ತಿತ್ತು. ಗಾಳಿ ತುಂಬಿದ ರಬ್ಬರು ಬಂದ ಮೇಲೆ ಲೆಕ್ಕ ತಿರುಗಿತು. 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವರು ಗಾಳಿಯ ಟೈರಿಗೆ ಪೇಟೆಂಟು ಪಡೆದರಾದರೂ ಅದು ಬಳಕೆಗೆ ನಿಲ್ಲಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದ ಮೇಲೆ ಲೋಕವೆಲ್ಲ ಅದರ ಮೇಲೆ ಉರುಳತೊಡಗಿತು. ರಬ್ಬರು ನೆಲವನ್ನು ಹಿಡಿಯುತ್ತದೆ. ಹಿಡಿಯುವುದರಿಂದಲೇ, ಚಕ್ರವನ್ನು ಓರೆಯಾಗಿ ಎಳೆದರೆ ತನ್ನ ಮೈಯನ್ನೇ ತೆತ್ತುಕೊಳ್ಳುತ್ತದೆ.

ಮೊದಲು ಗಾಳಿಯ ಮಾತು; ಇದನ್ನು ಬೇಗ ಮುಗಿಸೋಣ. ಗಾಳಿ ಹೆಚ್ಚಾದರೆ ಟೈರಿನ ನಡುಮೈ ಉಬ್ಬಿ ನಡುವೆ ಸವೆಯುತ್ತದೆ. ಕಡಮೆಯಾದರೆ ನಡುಮೈ ಸೊರಗಿ ಎರಡು ಅಂಚುಗಳೂ ಸವೆಯುತ್ತವೆ. ಎರಡು ಅಂಚುಗಳು ಒಟ್ಟಿಗೆ ಸವೆದಿದ್ದರೆ ಚಕ್ರದ ನಿಲುವನ್ನು ಸಂದೇಹಿಸುವ ಮೊದಲು ಗಾಳಿಯನ್ನು ಅಳೆಯಬೇಕು. ಅದನ್ನೂ ಬಂಡಿ ಓಡಿ ಟೈರು ಬಿಸಿಯಾದ ಮೇಲಲ್ಲ, ಬೆಳಗ್ಗೆ ತಣ್ಣಗಿರುವಾಗ. ಎಷ್ಟಿರಬೇಕೆಂಬುದನ್ನು ಬಹುಮಟ್ಟಿಗೆ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿಯೇ ಅಂಟಿಸಿರುತ್ತಾರೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಅಂಕೆಯು ಆ ಟೈರು ತಾಳಬಲ್ಲ ಮೇರೆಯೇ ಹೊರತು ನಾವು ತುಂಬಬೇಕಾದ ಅಳತೆಯಲ್ಲ.

ಒಂದೇ ಅಂಚು ಸವೆದಿದ್ದರೆ ಆಗ ಚಕ್ರದ ನಿಲುವಿಗೆ ಬರಬೇಕು. ಈ ನಿಲುವನ್ನು ಮೂರು ಕೋನಗಳಿಂದ ಅಳೆಯುತ್ತಾರೆ: ಟೋ, ಕ್ಯಾಂಬರ್, ಕ್ಯಾಸ್ಟರ್. ಮೂರರಲ್ಲಿ ಟೈರನ್ನು ಹೆಚ್ಚಾಗಿ ತಿನ್ನುವುದು ಟೋ. ಮೇಲಿನಿಂದ ಕೆಳಕ್ಕೆ ನೋಡಿದಂತೆ ಭಾವಿಸಿಕೊಳ್ಳಿ. ಕೆಲವರು ನಡೆಯುವಾಗ ಎರಡು ಹೆಬ್ಬೆರಳುಗಳನ್ನೂ ಒಳಕ್ಕೆ ಮಾಡಿ ಹೆಜ್ಜೆಯಿಡುತ್ತಾರೆ, ಕೆಲವರು ಹೊರಕ್ಕೆ. ಚಕ್ರಗಳೂ ಹಾಗೆಯೇ. ಮುಂದಿನ ಎರಡು ಚಕ್ರಗಳ ಮುಂಭಾಗಗಳು ಒಂದನ್ನೊಂದು ನೋಡುವಂತೆ ಒಳಕ್ಕೆ ತಿರುಗಿದ್ದರೆ ಟೋ ಇನ್, ಹೊರಕ್ಕೆ ತಿರುಗಿದ್ದರೆ ಟೋ ಔಟ್.

ಇದರ ಹಾನಿಯನ್ನು ಲೆಕ್ಕ ಹಾಕಿಯೇ ನೋಡಬಹುದು. ಚಕ್ರದ ರಿಮ್ಮು 14 ಅಂಗುಲದ್ದು, ಎಂದರೆ ಸುಮಾರು 355 ಮಿಲಿಮೀಟರು. ರಿಮ್ಮುಗಳ ಮುಂದಿನ ಅಂಚುಗಳ ನಡುವಣ ದೂರವು ಹಿಂದಿನ ಅಂಚುಗಳ ನಡುವಣ ದೂರಕ್ಕಿಂತ ಇರಬೇಕಾದುದಕ್ಕಿಂತ 3 ಮಿಲಿಮೀಟರು ಹೆಚ್ಚು ಕಡಮೆಯಾಯಿತೆನ್ನೋಣ. ಮೂರು ಮಿಲಿಮೀಟರೆಂದರೆ ಒಂದರ ಮೇಲೊಂದಿಟ್ಟ ಎರಡು ನಾಣ್ಯಗಳ ದಪ್ಪದಷ್ಟು. ಅದೇನು ಮಹಾ ಎನ್ನಿಸಬಹುದು. ಅದನ್ನು ಎರಡು ಚಕ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಒಂದೂವರೆ ಮಿಲಿಮೀಟರು. ಒಂದೂವರೆಯನ್ನು 355ರಿಂದ ಭಾಗಿಸಿ, ಬಂದುದನ್ನು ಒಂದು ಕಿಲೋಮೀಟರಿಗೆ ಹರಡಿದರೆ ಸುಮಾರು 4.2 ಮೀಟರು ಬರುತ್ತದೆ. ಎಂದರೆ ಬಂಡಿಯು ಒಂದು ಕಿಲೋಮೀಟರು ಮುಂದೆ ಹೋಗುವಷ್ಟರಲ್ಲಿ ಆ ಟೈರು ನಾಲ್ಕು ಮೀಟರಿಗೂ ಮಿಕ್ಕಿ ಪಕ್ಕಕ್ಕೆ ಎಳೆಯಲ್ಪಡುತ್ತದೆ. ಬೆಂಗಳೂರಿನಿಂದ ಮೈಸೂರಿಗೆ 145 ಕಿಲೋಮೀಟರು; ಅಷ್ಟು ದಾರಿಯಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚಾಗಿ ಅಡ್ಡಲಾಗಿ ಉಜ್ಜಿದಂತಾಯಿತು. ರಬ್ಬರು ಸ್ವಲ್ಪ ಬಳುಕಿ ಇದರಲ್ಲಿ ಒಂದಂಶವನ್ನು ಸಹಿಸಿಕೊಳ್ಳುತ್ತದೆ, ನಿಜ. ಮಿಕ್ಕುದಕ್ಕೆ ಮೈ ತೆರುತ್ತದೆ.

ಟೋ ಕೆಟ್ಟಿರುವುದನ್ನು ತಿಳಿಯಲು ಯಂತ್ರವೇ ಬೇಕೆಂದಿಲ್ಲ, ಅಂಗೈ ಸಾಕು. ಟೈರಿನ ಮೈಯ ಮೇಲೆ ಅಡ್ಡಲಾಗಿ, ಒಳಗಿನಿಂದ ಹೊರಕ್ಕೊಮ್ಮೆ, ಹೊರಗಿನಿಂದ ಒಳಕ್ಕೊಮ್ಮೆ ಕೈಯನ್ನು ಸವರಬೇಕು. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಮತ್ತೊಂದು ದಿಕ್ಕಿನಲ್ಲಿ ಗರಗಸದಂತೆ ಚುಚ್ಚುವುದಾಗಿಯೂ ಇದ್ದರೆ ಟೋ ತಪ್ಪಿದೆಯೆಂದೇ ಬಹುಮಟ್ಟಿಗೆ ಹೇಳಬಹುದು. ಒಳಗಿನಿಂದ ಹೊರಕ್ಕೆ ಸವರುವಾಗ ಚುಚ್ಚಿದರೆ ಟೋ ಇನ್ ಹೆಚ್ಚಾಗಿದೆ; ಹೊರಗಿನಿಂದ ಒಳಕ್ಕೆ ಬರುವಾಗ ಚುಚ್ಚಿದರೆ ಟೋ ಔಟ್. ಕಾರಣವು ಸುಲಭ. ಓರೆಯಾಗಿ ಎಳೆಯಲ್ಪಡುವಾಗ ರಬ್ಬರಿನ ಒಂದೊಂದು ಪಟ್ಟಿಯ ಎದುರು ಅಂಚು ದುಂಡಗೆ ಸವೆದು ಹಿಂದಿನ ಅಂಚು ಚೂಪಾಗಿ ಉಳಿಯುತ್ತದೆ. ಟೈರಿನ ಬಗೆಗೆ ನಾವು ಬಲ್ಲ ಪರೀಕ್ಷೆಗಳಲ್ಲಿ ಇದರಷ್ಟು ಅಗ್ಗವಾದುದೂ ಇದರಷ್ಟು ನಂಬತಕ್ಕದ್ದೂ ಮತ್ತೊಂದಿಲ್ಲ.

ಇನ್ನು ಕ್ಯಾಂಬರ್. ಬಂಡಿಯನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದೆಯೋ ಹೊರಕ್ಕೆ ವಾಲಿದೆಯೋ ಎಂಬುದೇ ಇದು. ಒಳಕ್ಕೆ ವಾಲಿದರೆ ಒಳ ಅಂಚೂ, ಹೊರಕ್ಕೆ ವಾಲಿದರೆ ಹೊರ ಅಂಚೂ ಸವೆಯುತ್ತವೆ. ಆದರೆ ಸವೆತವು ನುಣುಪಾಗಿರುತ್ತದೆ, ಕೈಗೆ ಗರಗಸ ಸಿಕ್ಕುವುದಿಲ್ಲ. ಟೋವಿನಿಂದ ಇದನ್ನು ಬೇರ್ಪಡಿಸುವ ಗುರುತೇ ಅದು. ಕ್ಯಾಸ್ಟರ್ ಎಂಬುದನ್ನು ತಿಳಿಯಬೇಕಾದರೆ ಬೈಸಿಕಲ್ಲಿನ ಮುಂದಿನ ಕವಲನ್ನು ನೋಡಿ. ಅದು ನೆಟ್ಟಗಿಲ್ಲ, ತಲೆ ಹಿಂದಕ್ಕೆ ಒರಗಿದೆ. ಅದರಿಂದ ಸೈಕಲ್ಲು ತಾನಾಗಿ ನೇರದಾರಿಗೆ ಬರಲು ನೋಡುತ್ತದೆ. ಕಾರಿನಲ್ಲಿಯೂ ಅಷ್ಟೆ. ಕ್ಯಾಸ್ಟರು ಟೈರನ್ನು ಅಷ್ಟಾಗಿ ಸವೆಸುವುದಿಲ್ಲ. ಎಡಬಲಗಳಲ್ಲಿ ಭೇದವಾದರೆ ಮಾತ್ರ, ಎಲ್ಲಿ ಕಡಮೆಯೋ ಆ ಕಡೆಗೆ ಬಂಡಿಯನ್ನು ಸೆಳೆಯುತ್ತದೆ. ಆದರೆ ಬಂಡಿ ಒಂದು ಕಡೆಗೆ ಸೆಳೆದ ಮಾತ್ರಕ್ಕೆ ಚಕ್ರದ ನಿಲುವನ್ನೇ ದೂರಬಾರದು. ಟೈರು ತಯಾರಾದಾಗಲೇ ಅದರಲ್ಲಿ ಓರೆಯಿರುವುದುಂಟು. ಮುಂದಿನ ಎರಡು ಟೈರುಗಳನ್ನು ಎಡಬಲ ಬದಲಿಸಿದಾಗ ಸೆಳೆತವೂ ದಿಕ್ಕು ಬದಲಿಸಿದರೆ ತಪ್ಪು ಟೈರಿನದು.

ಟೈರಿನ ಮೈಯಲ್ಲಿ ಗೇಣಿಗೊಂದರಂತೆ ತಗ್ಗುಗಳು ಬಿದ್ದು, ಓಡುವಾಗ ಗುಂಯ್‌ಗುಟ್ಟುವ ಸದ್ದು ಬರುವುದೂ ಉಂಟು. ಇದು ಕೋನದ ದೋಷವಲ್ಲ, ಕುಣಿತದ ದೋಷ. ಸ್ಪ್ರಿಂಗಿನ ಕೆಲಸ ಬಳುಕುವುದು. ಬಳುಕಿದ ಸ್ಪ್ರಿಂಗನ್ನು ತಡೆದು ನಿಲ್ಲಿಸುವುದು ಷಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗಿನ ಎಣ್ಣೆ ಸೋರಿಹೋದರೆ ಚಕ್ರವು ಚೆಂಡಿನಂತೆ ಪುಟಿಯುತ್ತ ಓಡುತ್ತದೆ. ನೆಲಕ್ಕೆ ಬಡಿದ ಕಡೆ ಸವೆದು, ಹಾರಿದ ಕಡೆ ಉಳಿಯುತ್ತದೆ. ಚಕ್ರದ ತೂಕ ಸಮನಾಗಿಲ್ಲದಿದ್ದರೂ ಇದೇ ಪಾಡು. ಸಣ್ಣ ಕಾರಿನ ರಿಮ್ಮಿನ ಒಂದು ಕಡೆ 20 ಗ್ರಾಮು ಹೆಚ್ಚಾಗಿದ್ದರೆ, ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಅದು ಸುಮಾರು 2 ಕಿಲೋಗ್ರಾಮು ಭಾರದಂತೆ, ಸೆಕೆಂಡಿಗೆ 12 ಸಲ ಚಕ್ರವನ್ನು ಮೇಲೆತ್ತಿ ಕೆಳಗೆ ಕುಕ್ಕುತ್ತದೆ. ರಿಮ್ಮಿಗೆ ಸೀಸದ ಅಥವಾ ಬೇರೆ ಲೋಹದ ಸಣ್ಣ ತುಂಡುಗಳನ್ನು ಅಂಟಿಸುವುದು ಇದರ ಪರಿಹಾರಕ್ಕಾಗಿ. ಇದಕ್ಕೆ ಬ್ಯಾಲೆನ್ಸು ಮಾಡುವುದೆನ್ನುತ್ತಾರೆ. ಅಲೈನ್‌ಮೆಂಟು ಬೇರೆ, ಇದು ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಒಂದನ್ನು ಮಾಡಿಸಿ ಸುಮ್ಮನಾಗುವವರು ಬಹಳ.

ಈಗ ಚಿಕಿತ್ಸೆಯ ಮಾತು. ನಮ್ಮ ಅಭಿಪ್ರಾಯದಲ್ಲಿ ಜನರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ನಮಗೆ ಪರಿಚಯವಿರುವ ಬಾಡಿಗೆ ಕಾರಿನ ಚಾಲಕರೊಬ್ಬರಿದ್ದಾರೆ. ಅವರ ಕಾರಿನ ಎಡ ಮುಂಟೈರು ಒಳಮಗ್ಗುಲಿನಲ್ಲಿ ಪದೇಪದೇ ಸವೆಯುತ್ತಿತ್ತು. ಕೆಲಸದ ಅಂಗಡಿಯೊಂದರಲ್ಲಿ ಮೂರು ಸಲ ಅಲೈನ್‌ಮೆಂಟು ಮಾಡಿಸಿದರು. ಮೂರು ಸಲವೂ ಯಂತ್ರವು ಹಸಿರು ಬಣ್ಣದ ಅಂಕೆಗಳ ಕಾಗದವನ್ನು ಕೊಟ್ಟಿತು. ಮೂರು ಸಲವೂ ಟೈರು ಸವೆಯಿತು. ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಹಣ ಟೈರಿಗೆ ಹೋಯಿತು. ಕೊನೆಗೆ ಬೇರೊಬ್ಬ ಹಳೆಯ ಮೇಸ್ತ್ರಿಯು ಕಾರನ್ನು ಎತ್ತಿ ನಿಲ್ಲಿಸಿ, ಕೆಳತೋಳಿನ ಬುಡಕ್ಕೆ ಕಬ್ಬಿಣದ ಸಲಾಕೆಯನ್ನು ಹಾಕಿ ಮೀಟಿ ತೋರಿಸಿದನು. ತೋಳನ್ನು ಹಿಡಿದಿರತಕ್ಕ ರಬ್ಬರಿನ ಬುಷ್ಷು ಹರಿದುಹೋಗಿತ್ತು. ನಿಂತಾಗ ಚಕ್ರವು ನೆಟ್ಟಗೆ ನಿಲ್ಲುತ್ತಿತ್ತು, ಯಂತ್ರವೂ ನೆಟ್ಟಗಿದೆಯೆಂದೇ ಅಳೆಯುತ್ತಿತ್ತು. ಓಡುವಾಗಲೂ ಬ್ರೇಕು ಹಾಕಿದಾಗಲೂ ತೋಳು ಜರುಗಿ ಚಕ್ರವು ಹೊರಕ್ಕೆ ತಿರುಗುತ್ತಿತ್ತು. ಯಂತ್ರವು ಸುಳ್ಳು ಹೇಳಿರಲಿಲ್ಲ. ಅದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳಿತ್ತು.

ಆದುದರಿಂದ ಕೀಲುಗಳ ಪರೀಕ್ಷೆ ಮೊದಲು, ಅಳತೆ ಆಮೇಲೆ. ಮುಂಚಕ್ರವನ್ನು ನೆಲದಿಂದ ಎತ್ತಿ, ಜ್ಯಾಕನ್ನೇ ನಂಬದೆ ಭದ್ರವಾದ ಆಸರೆಯ ಮೇಲೆ ನಿಲ್ಲಿಸಿ, ಚಕ್ರದ ತಲೆಯನ್ನೂ ಬುಡವನ್ನೂ ಹಿಡಿದು ಅಲುಗಿಸಿದಾಗ ಲೊಡಕ್ಕೆಂದರೆ ಬೇರಿಂಗಿನಲ್ಲಿಯೋ ಬಾಲ್ ಜಾಯಿಂಟಿನಲ್ಲಿಯೋ ಸಡಿಲವಿದೆ. ಎಡಬಲ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಮಾತ್ರ ಸದ್ದು ಬಂದರೆ ಸ್ಟೀರಿಂಗಿನ ಟೈ ರಾಡಿನ ತುದಿ ಸವೆದಿದೆ. ಬಂಡಿಯ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಅದು ಒಮ್ಮೆ ಎದ್ದು ನಿಲ್ಲಬೇಕು. ಮೂರು ನಾಲ್ಕು ಸಲ ತೂಗಾಡಿದರೆ ಷಾಕ್ ಅಬ್ಸಾರ್ಬರು ಸತ್ತಿದೆ. ಸಮನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಎರಡು ಕಡೆಯೂ ಅಳೆದು ನೋಡಿದಾಗ ಒಂದು ಕಡೆ ತಗ್ಗಿದ್ದರೆ ಸ್ಪ್ರಿಂಗು ಕುಸಿದಿದೆ. ಸ್ಪ್ರಿಂಗು ಕುಸಿದರೆ ತೋಳುಗಳ ಓರೆ ಬದಲಾಗಿ ಕ್ಯಾಂಬರೂ ಟೋವೂ ತಾವಾಗಿಯೇ ಕೆಡುತ್ತವೆ. ಹಿಂದುಗಡೆಯಲ್ಲಿ ಸದಾ ತೆಂಗಿನಕಾಯಿಯ ಮೂಟೆಗಳನ್ನು ಹೊತ್ತು ತಿರುಗುವ ಬಂಡಿಯನ್ನು ಬರಿದು ಮಾಡಿ ಅಳೆಸಿದರೆ ಅದರ ನಿಜಸ್ಥಿತಿ ತಿಳಿಯುವುದಿಲ್ಲವೆಂಬುದನ್ನೂ ಇದರಿಂದಲೇ ಊಹಿಸಬಹುದು.

ಸಡಿಲಗಳನ್ನೆಲ್ಲ ಸರಿಪಡಿಸಿದ ಮೇಲೆ ಅಳತೆಗೆ ನಿಲ್ಲಿಸಬೇಕು. ಇಲ್ಲಿಯೂ ಒಂದು ಕ್ರಮವುಂಟು. ಹಿಂದಿನ ಚಕ್ರಗಳು ಯಾವ ಕಡೆಗೆ ಮುಖಮಾಡಿವೆಯೋ ಬಂಡಿಯು ಆ ಕಡೆಗೇ ನೂಕಲ್ಪಡುತ್ತದೆ. ಹಿಂಬದಿ ಓರೆಯಾಗಿದ್ದರೆ ಮುಂದಿನ ಚಕ್ರಗಳನ್ನು ಎಷ್ಟು ನೆಟ್ಟಗೆ ಮಾಡಿದರೂ ಬಂಡಿ ಏಡಿಯಂತೆ ನಡೆಯುತ್ತದೆ, ಸ್ಟೀರಿಂಗು ಸೊಟ್ಟಗೆ ನಿಲ್ಲುತ್ತದೆ. ಆದುದರಿಂದ ಹಿಂದಿನದು ಮೊದಲು. ಮುಂದಿನದರಲ್ಲಿ ಕ್ಯಾಸ್ಟರ್, ಅನಂತರ ಕ್ಯಾಂಬರ್, ಕಟ್ಟಕಡೆಗೆ ಟೋ. ಏಕೆಂದರೆ ಕ್ಯಾಂಬರನ್ನು ಮುಟ್ಟಿದರೆ ಟೋ ಬದಲಾಗುತ್ತದೆ. ಸ್ಟೀರಿಂಗನ್ನು ನಡುವೆ ನಿಲ್ಲಿಸಿ ಬಿಗಿದು, ಎರಡು ಟೈ ರಾಡುಗಳನ್ನೂ ಸಮವಾಗಿ ತಿರುಗಿಸಿ, ನಟ್ಟುಗಳನ್ನು ಮತ್ತೆ ಬಿಗಿ ಮಾಡತಕ್ಕದ್ದು. ಈಗಿನ ಅನೇಕ ಸಣ್ಣ ಕಾರುಗಳಲ್ಲಿ ತಯಾರಕರು ಬದಲಾಯಿಸಲು ಆಸ್ಪದವಿಟ್ಟಿರುವುದು ಮುಂದಿನ ಟೋ ಒಂದಕ್ಕೇ. ಅಂತಹ ಬಂಡಿಯಲ್ಲಿ ಕ್ಯಾಂಬರು ಮಿತಿಮೀರಿದ್ದರೆ ಅರ್ಥವೊಂದೇ: ಯಾವುದೋ ಭಾಗ ಬಗ್ಗಿದೆ ಅಥವಾ ಸವೆದಿದೆ. ಗುಂಡಿಗೆ ಬಿದ್ದುದನ್ನೋ ಕಲ್ಲಿನ ಅಂಚಿಗೆ ಚಕ್ರ ಹತ್ತಿಸಿದುದನ್ನೋ ನೆನಪು ಮಾಡಿಕೊಳ್ಳಬೇಕು. ಬಗ್ಗಿದ ತೋಳನ್ನು ಕಾಯಿಸಿ ಬಡಿದು ನೆಟ್ಟಗೆ ಮಾಡಿಕೊಡುತ್ತೇವೆನ್ನುವವರ ಕೈಗೆ ಅದನ್ನು ಕೊಡಬಾರದು. ಉಕ್ಕು ತನ್ನ ಹದವನ್ನು ಕಳೆದುಕೊಂಡು ಮತ್ತೊಮ್ಮೆ ಮುರಿಯುವುದು ಎಲ್ಲಿಯೆಂದು ಹೇಳಲಾಗದು.

ಟೋ ಎಷ್ಟಿರಬೇಕು? ಎಲ್ಲ ಬಂಡಿಗೂ ಒಂದೇ ಅಂಕೆಯಿಲ್ಲ. ಆಯಾ ಬಂಡಿಯ ಪುಸ್ತಕದಲ್ಲಿರುವುದೇ ಪ್ರಮಾಣ. ಹಿಂದಿನ ಚಕ್ರಗಳು ತಳ್ಳುವ ಬಂಡಿಗಳಲ್ಲಿ ಓಡುವಾಗ ಮುಂದಿನ ಚಕ್ರಗಳು ರಸ್ತೆಯ ತಡೆಯಿಂದ ಹೊರಕ್ಕೆ ತೆರೆದುಕೊಳ್ಳಲು ನೋಡುವುದರಿಂದ ನಿಂತಾಗ ಅವನ್ನು ತುಸು ಒಳಕ್ಕೆ ಇಡುತ್ತಾರೆ. ಮುಂದಿನ ಚಕ್ರಗಳೇ ಎಳೆಯುವ ಬಂಡಿಗಳಲ್ಲಿ ಅವು ಒಳಕ್ಕೆ ಕೂಡಲು ನೋಡುವುದರಿಂದ ಬಹುಮಟ್ಟಿಗೆ ನೇರವಾಗಿಯೋ ಎಳ್ಳಷ್ಟು ಹೊರಕ್ಕೋ ಇಡುತ್ತಾರೆ.

ಯಂತ್ರ ದೊರೆಯದ ಊರುಗಳಲ್ಲಿಯೂ ಟೋವನ್ನು ಅಳೆಯಬಹುದು. ಬಂಡಿಯನ್ನು ಸಮನೆಲದಲ್ಲಿ ನೇರವಾಗಿ ಕೆಲವು ಅಡಿ ಮುಂದಕ್ಕೆ ತಳ್ಳಿ ನಿಲ್ಲಿಸಿ. ಎರಡು ಮುಂಟೈರುಗಳ ಮುಂಭಾಗದಲ್ಲಿ, ಅಚ್ಚಿನಷ್ಟೇ ಎತ್ತರದಲ್ಲಿ, ಸೀಮೆಸುಣ್ಣದಿಂದ ಒಂದೊಂದು ಗುರುತು ಮಾಡಿ ಅವುಗಳ ನಡುವಣ ದೂರವನ್ನು ಅಳೆಯಿರಿ. ಬಳಿಕ ಚಕ್ರಗಳು ಅರ್ಧ ಸುತ್ತು ಸುತ್ತುವಂತೆ ಬಂಡಿಯನ್ನು ಮುಂದಕ್ಕೇ ತಳ್ಳಿ, ಅವೇ ಗುರುತುಗಳು ಹಿಂಭಾಗಕ್ಕೆ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಟೋ. ಒಂದೇ ಗುರುತನ್ನು ಎರಡು ಸಲ ಅಳೆಯುವುದರಿಂದ ರಿಮ್ಮು ಸ್ವಲ್ಪ ಸೊಟ್ಟಗಿದ್ದರೂ ಲೆಕ್ಕ ಕೆಡುವುದಿಲ್ಲ. ಹಿಂದಕ್ಕೆ ಮಾತ್ರ ತಳ್ಳಬಾರದು. ಕೀಲುಗಳ ಸಡಿಲವು ಎದುರು ದಿಕ್ಕಿಗೆ ಜರುಗಿ ಅಳತೆ ತಪ್ಪುತ್ತದೆ.

ಎಲ್ಲವೂ ಸರಿಯಾಗಿದ್ದರೂ ಊರಿನ ರಸ್ತೆಗಳು ತಮ್ಮ ಗುರುತನ್ನು ಟೈರಿನ ಮೇಲೆ ಬರೆಯುತ್ತವೆ. ನಾವು ರಸ್ತೆಯ ಎಡಕ್ಕೆ ಓಡಿಸುವವರು; ಮೈಸೂರಿನ ವೃತ್ತಗಳನ್ನು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತ ಸುತ್ತಬೇಕು. ಆಗ ಭಾರವೆಲ್ಲ ಎಡ ಮುಂಟೈರಿನ ಹೊರ ಅಂಚಿಗೆ ಬೀಳುತ್ತದೆ. ದಿನಕ್ಕೆ ಹತ್ತಾರು ವೃತ್ತಗಳನ್ನು ವೇಗವಾಗಿ ಸುತ್ತುವವರ ಆ ಅಂಚು ಬೇಗ ಸವೆದರೆ ಮೇಸ್ತ್ರಿಯನ್ನು ದೂರಿ ಫಲವಿಲ್ಲ. ಇಂತಹ ಸವೆತಕ್ಕೆ, ಸುಮಾರು 8,000ದಿಂದ 10,000 ಕಿಲೋಮೀಟರಿಗೊಮ್ಮೆ ಟೈರುಗಳ ಸ್ಥಾನವನ್ನು ಬದಲಿಸುವುದು ತಕ್ಕ ಉಪಾಯ. ಪಕ್ಕದಲ್ಲಿ ಬಾಣದ ಗುರುತಿರುವ ಟೈರುಗಳನ್ನು ಮಾತ್ರ ಎಡಬಲ ದಾಟಿಸದೆ ಹಿಂದುಮುಂದಾಗಿಯೇ ಬದಲಿಸಬೇಕು. ಕೋನವು ಕೆಟ್ಟ ಬಂಡಿಯಲ್ಲಿ ಹೀಗೆ ಬದಲಿಸುತ್ತ ಹೋದರೆ ರೋಗವನ್ನು ನಾಲ್ಕು ಟೈರುಗಳಿಗೂ ಹಂಚಿದಂತಾಗುವುದಷ್ಟೆ.

ಒಂದು ಸಂದೇಹವನ್ನು ಅನೇಕರು ಕೇಳುತ್ತಾರೆ. ನಿಲುವನ್ನು ಸರಿಮಾಡಿಸಿದ ಮೇಲೂ ಸದ್ದು ಏಕೆ ನಿಲ್ಲಲಿಲ್ಲ? ಆಗಲೇ ಗರಗಸವಾದ ರಬ್ಬರು ಒಂದೇ ದಿನದಲ್ಲಿ ನುಣುಪಾಗುವುದಿಲ್ಲ. ಸಾವಿರ ಎರಡು ಸಾವಿರ ಕಿಲೋಮೀಟರು ಓಡಿದ ಬಳಿಕ ಕೈಯಿಂದ ಸವರಿ ನೋಡಿದಾಗ ಚೂಪು ತಗ್ಗಿದ್ದರೆ ಕೆಲಸ ಸರಿಯಾಗಿದೆಯೆಂದು ತಿಳಿಯಬಹುದು. ತಂತಿ ಕಂಡ ಟೈರಾದರೋ ಒಂದು ಮೈಲಿಗೂ ಅರ್ಹವಲ್ಲ. ನಾಲ್ಕರ ಬದಲು ಎರಡೇ ಹೊಸ ಟೈರುಗಳನ್ನು ಕೊಳ್ಳುವ ಶಕ್ತಿಯಿದ್ದಾಗ, ಎಳೆಯುವ ಚಕ್ರ ಮುಂದಿನದಾದರೂ ಆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಬೇಕು. ನೀರು ನಿಂತ ರಸ್ತೆಯಲ್ಲಿ ಮುಂಚಕ್ರ ಜಾರಿದರೆ ಸ್ಟೀರಿಂಗು ಹಗುರವಾಗಿ ಚಾಲಕನಿಗೆ ಮುನ್ಸೂಚನೆ ದೊರೆಯುತ್ತದೆ, ವೇಗವನ್ನು ತಗ್ಗಿಸಲು ಅವಕಾಶವಿರುತ್ತದೆ. ಹಿಂಚಕ್ರ ಜಾರಿದರೆ ಬಂಡಿಯು ಬುಗುರಿಯಂತೆ ತಿರುಗಿ ನಿಂತ ಮೇಲೆಯೇ ತಿಳಿಯುವುದು.